ಮೊಟ್ಟೆ ವಾಸನೆಯ ಬಂದೂಕು

ಈಗಲೂ ಮೊಟ್ಟೆ ಬೇಯುವ ವಾಸನೆ ಬಂದರೆ ಕೆನಡಾದ ವಾನ್ ಊರಿನ ನಮ್ಮ ಹಳೇ ಮನೆಯ ಬೇಸ್‌ಮೆಂಟು ನೆನಪಾಗುತ್ತದೆ. ಅಪ್ಪ ಚಳಿಗಾಲವಿಡೀ ಅಲ್ಲಿ ಕೂತು, ನಳಿಗೆಯ ಬಾಯಿಂದ ಮದ್ದು ತುಂಬುವ ಹಿಂದಿನ ಕಾಲದ ಬಂದೂಕೊಂದನ್ನು ಮಾಡಿದ್ದರು. ಅದರಲ್ಲಿ ಮೊದಲ ಸಲ ಗುರಿ ಹೊಡೆದು ಬಂದ ಮಧ್ಯಾಹ್ನ, ಲಾಂಡ್ರಿ ಸಿಂಕಿನಲ್ಲಿ ನಳಿಗೆಗೆ ಕುದಿಯುವ ನೀರು ಸುರಿದರು. ಮಸಿನೀರು ಇಳಿಯಿತು. ವಾಸನೆ ಮಾತ್ರ ಮೊಟ್ಟೆಯನ್ನೇ ಕಾಣದ ನಮ್ಮ ಅಡುಗೆಮನೆಗೆ ಏರಿತು.

"ಯಾರ್ರೀ ಮೊಟ್ಟೆ ತಂದಿದ್ದು?" ಅಮ್ಮ ಸೌಟು ಹಿಡಿದೇ ಇಳಿದು ಬಂದಳು.

"ಮೊಟ್ಟೆ ಅಲ್ಲ ಕಣೇ, ಮದ್ದಲ್ಲಿರೋ ಗಂಧಕ. ತೊಳೆದ್ರೆ ಹೋಗುತ್ತೆ." ಅಪ್ಪನ ದನಿ ಮೆತ್ತಗಿತ್ತು.

ಅವರು ಎಣ್ಣೆ ಉಜ್ಜಿ ಹೊಳೆಸಿದ್ದ ಮರದ ಹಿಡಿಯನ್ನು ಅಮ್ಮ ಸವರಿ ನೋಡಿದಳು. "ಇನ್ನೊಂದು ಪಾತ್ರೆ ನೀರು ಕಾಯಿಸ್ತೀನಿ. ಅದಕ್ಕೂ ಸ್ನಾನ ಆಗ್ಲಿ, ನಿಮಗೂ ಆಗ್ಲಿ. ಆಮೇಲೆ ಊಟ."

"ದೆನ್, ಕ್ಯಾನ್ ವಿ ಬೈ ಎಗ್ಸ್?" ಎಂದೆ ನಾನು.

ಅಮ್ಮ ಸೌಟನ್ನು ನನ್ನತ್ತ ಗುರಿಯಿಟ್ಟಳು.