ಬಲಗಡೆಯ ಹತ್ತಿ

ಮುದುಕನ ಕೈ ಮತ್ತೆ ಹಗ್ಗ ದಾಟಿತು.

"ಯಜಮಾನ್ರೇ, ಮುಟ್ಟಬೇಡಿ ಅಂದ್ನಲ್ಲ!" ಕಾವಲುಗಾರ್ತಿ ಸ್ಟೂಲಿನ ಮೇಲಿಂದಲೇ ಗದರಿದಳು.

ಸಿನಿಮಾ ಉಡುಪುಗಳ ಪ್ರದರ್ಶನ ಶುರುವಾಗಿ ಹತ್ತು ದಿನ. ಹತ್ತೂ ದಿನ ಈತ ಹಾಜರು. ಉಳಿದವರೆಲ್ಲ ರಟ್ಟಿನ ಅರಮನೆ, ತಗಡಿನ ಕಿರೀಟ ನೋಡಿ ಬಾಯಿ ಬಿಟ್ಟರೆ, ಇವನ ಕಣ್ಣು ಬೊಂಬೆಗೆ ತೊಡಿಸಿದ ರಾಣಿಯ ಕೆಂಪು ನಿಲುವಂಗಿಯ ಮೇಲೆಯೇ. 'ನಾಯಕಿ ತೊಟ್ಟದ್ದು' ಎಂದಿತ್ತು ಫಲಕ. ಅದನ್ನು ಓದಿದಾಗಲೆಲ್ಲ ಕಾವಲುಗಾರ್ತಿಗೆ ಆಕಳಿಕೆ ಬರುತ್ತಿತ್ತು.

ಜರಿಗೆ ಕತ್ತರಿ ಹಾಕೋ ಕಳ್ಳನಿರಬೇಕು, ಹುಷಾರು ಎಂದಿದ್ದ ಮೇಲಧಿಕಾರಿ. ಒಂದು ಎಳೆ ಹೋದರೂ ಅವಳ ಕೆಲಸ ಹೋಗುತ್ತಿತ್ತು. ನಿಂತು ಕಾಯುವ ಕೆಲಸಕ್ಕೆ ಕೂರಲು ಸ್ಟೂಲು ಕೊಟ್ಟಿದ್ದೇ ಪುಣ್ಯ. ಇಂಥದ್ದು ಇನ್ನೆಲ್ಲಿ ಸಿಕ್ಕೀತು?

ಇವತ್ತು ಕೊನೆಯ ದಿನ. ಬಾಗಿಲು ಹಾಕಲು ಹತ್ತು ನಿಮಿಷ. ಒಳಗೆ ಉಳಿದವರು ಇವರಿಬ್ಬರೇ. ಅವಳಿಗೂ ಸಾಕುಸಾಕಾಗಿತ್ತು.

"ಏನು ಬೇಕು ನಿಮಗೆ? ಹೇಳಿಬಿಡಿ ಅತ್ಲಾಗೆ."

"ಇದನ್ನ ಹೊಲಿದವನು ನಾನಮ್ಮ. ನಾಯಕಿಗಲ್ಲ, ಅವಳ ಬದಲು ಮೆಟ್ಟಿಲಿಂದ ಬೀಳೋ ಹುಡುಗಿಗೆ. ಪೆಟ್ಟಾಗದಿರಲಿ ಅಂತ ಸೊಂಟದ ಒಂದು ಪಕ್ಕ ಒಳಗಡೆ ಹತ್ತಿ ತುಂಬಿದ್ದೆ. ಎಡಕ್ಕೆ ಬೀಳ್ತಾಳೆ ಅಂದಿದ್ರು. ಎದುರಿಗೆ ನಿಲ್ಲಿಸಿಕೊಂಡು ಗುರುತು ಹಾಕ್ದೆ ನೋಡು, ನನ್ನ ಎಡ ಅಂದ್ರೆ ಅವಳ ಬಲ ಅಲ್ವಾ? ಆಮೇಲೆ ಆ ಹುಡುಗಿ ಕೆಲಸಕ್ಕೆ ಬರಲೇ ಇಲ್ಲ. ಮೂವತ್ತು ವರ್ಷದಿಂದ ಇದೇ ಕೊರೀತಿದೆ. ಒಂದ್ಸಲ ಮುಟ್ಟಿ ನೋಡ್ಲಾ?"

ಅವಳು ಬಾಗಿಲ ಕಡೆ ಒಮ್ಮೆ ನೋಡಿದಳು. "ಬೇಗ ನೋಡಿ" ಎಂದು ಮುಖ ತಿರುಗಿಸಿದಳು.

ಮುದುಕ ಬಟ್ಟೆಯನ್ನು ಒತ್ತಿದ. ಬೊಂಬೆಯ ಎಡಗಡೆ ಬರಿದು. ಬಲಗಡೆ ಗಟ್ಟಿ ಹತ್ತಿ.

"ಅಯ್ಯೋ, ಎಂಥಾ ಪಾಪಿ ನಾನು!" ಎಂದು ಅವನು ಅಲ್ಲೇ ಕುಸಿದು ಗಳಗಳನೆ ಅತ್ತುಬಿಟ್ಟ.

"ಏಳಿ ಮಾಸ್ಟರ್. ಕೊನೇ ಗಳಿಗೇಲಿ ಕ್ಯಾಮೆರಾ ಆಚೆ ಕಡೆಗೆ ಇಟ್ರು. ಬಿದ್ದಿದ್ದು ಬಲಕ್ಕೇ."

"ನಿನಗೆ ಹೇಗೆ ಗೊತ್ತಮ್ಮ?"

"ಬಿದ್ದವಳು ನಾನೇ ಅಲ್ವಾ? ನಿಮ್ಮ ಹತ್ತಿ ಇತ್ತಲ್ಲ, ಒಂದು ಗೀರೂ ಆಗ್ಲಿಲ್ಲ. ಮದುವೆ ಆಯ್ತು, ಅದಕ್ಕೇ ಕೆಲಸ ಬಿಟ್ಟೆ ಅಷ್ಟೆ."

ಮುದುಕ ಅವಳ ಬಳಿ ಬಂದು, ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ. "ತಾಯಿ, ಇವತ್ತು ನಿದ್ದೆ ಬರುತ್ತೆ ನನಗೆ. ಬಾ, ಜೊತೆಗೇ ಹೋಗೋಣ."

"ನೀವು ನಡೀರಿ. ದೀಪ ಆರಿಸಿ ಬರ್ತೀನಿ."

ಅವನ ಹೆಜ್ಜೆ ಸಪ್ಪಳ ಅಡಗುವವರೆಗೂ ಅವಳು ಸ್ಟೂಲು ಬಿಟ್ಟು ಏಳಲಿಲ್ಲ. ಆಮೇಲೆ ಗೋಡೆ ಹಿಡಿದು ಎದ್ದು, ಮೂವತ್ತು ವರ್ಷದಿಂದ ಮಡಚಲು ಬಾರದ ಎಡಗಾಲನ್ನು ಎಳೆಯುತ್ತ ಸ್ವಿಚ್ಚಿನ ಕಡೆ ಹೊರಟಳು.