ಒತ್ತಡದ ಸರಾಸರಿ

ಬಾಯ್ಲರಿನ ಪೈಪು ಒಡೆದು ಎರಡು ತಿಂಗಳಾಗಿತ್ತು. ಆಪರೇಟರ್ ಚಿಕ್ಕೀರಪ್ಪನ ಅಜಾಗರೂಕತೆಯೇ ಕಾರಣವೆಂದು ಕಂಪನಿ ದೂರಿತ್ತು; ಆ ದಿನ ಒತ್ತಡ ತಾನಾಗಿಯೇ ಏರಿತ್ತೆಂಬ ದಾಖಲೆ ಸಿಗದಿದ್ದರೆ ಅವನು ಸಂಜೆಗೆ ಕೆಲಸ ಕಳೆದುಕೊಳ್ಳುತ್ತಿದ್ದ.

“ಮೀಟರಿನ ಮುಳ್ಳು ಎರಡು ನಿಮಿಷ ಕೆಂಪಿಗೆ ಹೋಗಿತ್ರಿ ಮೇಡಂ, ಸರಿಯಾಗಿ ನೋಡ್ರಿ.”

ಎಂಜಿನಿಯರ್ ಶಕೀಲಾ ಮೂರನೇ ಸಲ ಡೇಟಾಬೇಸ್ ಕೆದಕಿದಳು. ಸೆಕೆಂಡಿಗೊಂದರಂತೆ ಸೇರಿದ್ದ ಅಂಕಿಗಳೆಲ್ಲ ಅಳಿಸಿಹೋಗಿ, ಇಡೀ ದಿನಕ್ಕೆ ಒಂದೇ ಸರಾಸರಿ ಉಳಿದಿತ್ತು. ಅದರ ಪ್ರಕಾರ ಒತ್ತಡ ಎಂದಿನಷ್ಟೇ ಇತ್ತು.

“ತಿಂಗಳು ದಾಟಿದ್ದನ್ನೆಲ್ಲ ಸರಾಸರಿ ಮಾಡಿ ಅಳಿಸು ಅಂತ ಯಾವ ಕತ್ತೆ ಬರೆದದ್ದು?” ಅವಳು ಮೇಜು ಗುದ್ದಿದಳು.

ಚಿಕ್ಕೀರಪ್ಪ ಅಳುಕುತ್ತ ಹೇಳಿದ: “ನೀವೇ ಅಲ್ಲೇನ್ರಿ ಮೇಡಂ? ಹಳೇದೆಲ್ಲ ತೆಗೆದು ಕಂಪ್ಯೂಟರ್ ಜೋರು ಓಡಿಸಿದ್ರಿ ಅಂತ ಆಯುಧಪೂಜೆ ದಿನ ನಿಮಗ ಹಾರ ಹಾಕಿದ್ರಲ್ರಿ. ನಾನೂ ಚಪ್ಪಾಳೆ ತಟ್ಟಿದ್ದೆ. ಆಗ ಎರಡೂ ಕೈ ನೆಟ್ಟಗಿದ್ವು.”