ಮುರಿದ ಕಾಲಿನ ಗೋಲು

ಕೊರಿಯಾದ ಬಂದರು ಊರಿನ ಆ ಫುಟ್‌ಬಾಲ್ ಕ್ಲಬ್ಬಿನಲ್ಲಿ ಕೋಚ್ ಮಿನ್ ಅವರ ಕಥೆ ಗೊತ್ತಿಲ್ಲದ ಆಟಗಾರನೇ ಇರಲಿಲ್ಲ. ಆಡುವ ದಿನಗಳಲ್ಲಿ ಅವರು ಪಾದದ ಮೂಳೆ ಮುರಿದುಕೊಂಡೇ ಫೈನಲ್ ಆಡಿ, ಕೊನೆಯ ನಿಮಿಷದಲ್ಲಿ ಗೋಲು ಹೊಡೆದು, ಕ್ಲಬ್ಬಿಗೆ ಕಪ್ ತಂದುಕೊಟ್ಟಿದ್ದರಂತೆ. ದೊಗ್ಯು ಆ ಕಥೆ ಕೇಳಿಯೇ ಆಟಕ್ಕೆ ಬಂದವನು.

ಈ ವರ್ಷದ ಫೈನಲ್‌ನಲ್ಲಿ ವಿರಾಮದ ಹೊತ್ತಿಗೆ ದೊಗ್ಯುವಿನ ಬಲಪಾದ ಬೂಟಿನೊಳಗೇ ಊದಿಕೊಂಡಿತ್ತು. ಮೂಳೆ ಬಿರುಕು ಬಿಟ್ಟಿದೆ, ಆಡಿಸಬೇಡಿ ಎಂದರು ಡಾಕ್ಟರು.

ಕೋಚ್ ಅವನೆದುರು ಮಂಡಿಯೂರಿ ಕೂತರು.

"ನಾನು ಬಲವಂತ ಮಾಡಲ್ಲಪ್ಪ. ಅವತ್ತು ನಂಗೂ ಡಾಕ್ಟರು ಇದೇ ಮಾತು ಹೇಳಿದ್ರು. ನೀನೇ ಯೋಚನೆ ಮಾಡು."

ದೊಗ್ಯು ಹಲ್ಲು ಕಚ್ಚಿ ಲೇಸು ಬಿಗಿದ. ನಲವತ್ತೈದು ನಿಮಿಷ ಓಡಿದ. ತಂಡ ಗೆದ್ದಿತು. ಅವನನ್ನು ಸ್ಟ್ರೆಚರ್ ಮೇಲೆ ಹೊತ್ತೊಯ್ದರು.

ಎರಡು ಆಪರೇಷನ್ ಆದ ಮೇಲೆ, ಇನ್ನು ಆಡುವ ಮಾತೇ ಇಲ್ಲವೆಂದು ಡಾಕ್ಟರು ಕೈಚೆಲ್ಲಿದರು. ಅವತ್ತು ಮಧ್ಯಾಹ್ನ ಕೋಚ್ ಆಸ್ಪತ್ರೆಗೆ ಬಂದು, ಮಂಚದ ಪಕ್ಕ ಕೂತು ಸೇಬು ಹೆಚ್ಚಿಕೊಟ್ಟರು.

"ಬೇಜಾರು ಮಾಡ್ಕೋಬೇಡ. ನನ್ನ ಹಾಗೆ ನೀನೂ ಕೋಚ್ ಆಗು. ಮುಂದಿನ ತಿಂಗಳಿಂದ ಕಿರಿಯರ ತಂಡ ನಿಂದೇ."

ದೊಗ್ಯುವಿನ ಕಣ್ಣು ತುಂಬಿ ಬಂತು.

"ಒಂದು ಮಾತು ಕೇಳ್ಲಾ, ಕೋಚ್? ಮೂಳೆ ಮುರಿದ ಮೇಲೂ ನೀವು ಹತ್ತು ವರ್ಷ ಹೇಗೆ ಆಡಿದ್ರಿ?"

ಕೋಚ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ನೀನೂ ಈಗ ಕೋಚ್ ಅಲ್ವಾ, ನಿಂಗೆ ಹೇಳಬಹುದು. ಅವತ್ತು ನನ್ನ ಕಾಲಿಗೆ ಏನೂ ಆಗಿರ್ಲಿಲ್ಲ."